ಗಂಡಭೇರುಂಡ ಇಂಗ್ಲೆಂಡಿಗೆ ಹೋಗಿತ್ತು

ಬೆಂಗಳೂರಿನಿಂದ ಹಾಸನದ ಕಡೆ ಹೊರಟರೆ ಹಿರೀಸಾವೆ ದಾಟುತ್ತಿದ್ದ ಹಾಗೆ ತೆಂಗಿನ ತೋಟಗಳು ಜೊತೆಯಾಗುತ್ತವೆ. ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿ ಸುಮ್ಮನೆ ಸುತ್ತ ನೋಡಿ. ಸರ್ಕಾರಿ ಬಸ್ಸಿನ ಮೈಮೇಲೆ, ಕಚೇರಿಯ ಬೋರ್ಡಿನ ಮೇಲೆ ಎರಡು ತಲೆಯ ಹಕ್ಕಿ. ಗಂಡಭೇರುಂಡ ನಮಗೆಷ್ಟು ಅಭ್ಯಾಸ ಅಂದ್ರೆ, ಕಣ್ಣಿಗೇ ಬೀಳಲ್ಲ.

ಎರಡನೇ ಮಹಾಯುದ್ಧದಲ್ಲಿ ಈ ಹಕ್ಕಿ ಇಂಗ್ಲೆಂಡಿಗೂ ಹೋಗಿತ್ತು. 1941ರ ಜೂನ್‌ನಲ್ಲಿ ಬ್ರಿಟನ್ನಿನ ವಾಯುಪಡೆ ತನ್ನ 129ನೇ ಸ್ಕ್ವಾಡ್ರನ್ನನ್ನು ಮತ್ತೆ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ‘ಮೈಸೂರು’. ಕಾರಣ, ಮೈಸೂರು ಕೊಟ್ಟ ದೇಣಿಗೆ. ಲಾಂಛನ ಗಂಡಭೇರುಂಡ, ವಿಮಾನ ಸ್ಪಿಟ್‌ಫೈರ್. ಒಂದು ಸ್ಪಿಟ್‌ಫೈರ್ ದಾನಕ್ಕೆ 5,000 ಪೌಂಡ್ ಅಂತ ಆಗಿನ ಲೆಕ್ಕ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲವೂ ಆಗ ಮೈಸೂರು ಸಂಸ್ಥಾನದವೇ. ಹಾಗಾಗಿ ಆ ವಿಮಾನಗಳಲ್ಲಿ ನಮ್ಮ ಕಡೆಯ ಕಾಸೂ ಇತ್ತು ಅಂತ ನಾನು ನಂಬ್ತೀನಿ. ಹೆಮ್ಮೆ ಪಡಬೇಕೋ ಬೇಡವೋ ಗೊತ್ತಾಗಲ್ಲ. ಮರುವರ್ಷವೇ ಇಲ್ಲಿ ಕ್ವಿಟ್ ಇಂಡಿಯಾ ಶುರುವಾಯಿತಲ್ಲ.

ಇದನ್ನೆಲ್ಲ ನಾನು ಹುಡುಕಿದ್ದು ಸ್ವಂತ ಕಾರಣಕ್ಕೆ. ಬೆಂಗಳೂರಿನಲ್ಲಿ ನನ್ನದು ವಿಮಾನ ವಿನ್ಯಾಸದ ಕೆಲಸ. ಹೇಳೋಕೆ ಚೆಂದ. ಮಾಡೋದು ಮಾತ್ರ ಬ್ರಾಕೆಟ್. ಪೈಪು, ವೈರುಗಳನ್ನು ಹಿಡಿದಿಡುವ ಲೋಹದ ತುಂಡು. ತೂತು ಎರಡು ಮಿಲಿಮೀಟರ್ ಆಚೆ ಸರಿಸಿದರೆ ಮೂರು ವಾರ ಮೀಟಿಂಗು. ನನ್ನ ಎಂಜಿನಿಯರಿಂಗ್ ಫೀಸಿಗೆ ಅಪ್ಪ ಅರಕಲಗೂಡಿನ ಹತ್ತಿರದ ಒಂದೂವರೆ ಎಕರೆ ಮಾರಿದ್ದಾರೆ. ‘ಅದ್ಕೇನಾ ಜಮೀನು ಹೋಗಿದ್ದು?’ ಅಂತ ಅವರು ಕೇಳಿಲ್ಲ. ಬ್ರಾಕೆಟ್ ಅಂದ್ರೇನು ಅಂತ ಮಾತ್ರ ಮೂರು ಸಲ ಕೇಳಿದ್ದಾರೆ.

ಹೊಳೆನರಸೀಪುರದಲ್ಲಿ ಅಜ್ಜಿ ಮನೆ. ಹೇಮಾವತಿ ಸೇತುವೆ ಮೇಲೆ ಕಾರಿನ ಕಿಟಕಿ ಇಳಿಸೋದು ನಮ್ಮನೆಯ ನಿಯಮ. ತೊಂಬತ್ತು ದಾಟಿದ ಅಜ್ಜಿಗೆ ಆ ಯುದ್ಧ ಅಂದ್ರೆ ಸೀಮೆಎಣ್ಣೆ ಸಿಗದ ವರ್ಷಗಳು. ಸ್ಪಿಟ್‌ಫೈರ್ ಫೋಟೊ ತೋರಿಸಿದೆ. ‘ಇದಕ್ಕೆ ನಮ್ ದುಡ್ಡಾ? ಒಳ್ಳೆ ಆಯ್ತು, ದೀಪಕ್ಕೆ ಎಣ್ಣೆ ಇರ್ಲಿಲ್ಲ’ ಅಂದರು. ನಾನೇನೂ ಮಾತಾಡಲಿಲ್ಲ.

ಅಲ್ಲಿಂದ ಅರಕಲಗೂಡಿನ ರಸ್ತೆ ಪಶ್ಚಿಮಕ್ಕೆ. ಹೊಲಗಳು ಹಸಿರಾಗ್ತಾ ಹೋಗುತ್ತವೆ, ಹೊಗೆಸೊಪ್ಪು ಹದ ಮಾಡುವ ಮನೆಗಳು ಕಾಣುತ್ತವೆ. ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಹರ್ಸ್ಲಿಯ ಕಥೆ ಹೇಳಿದೆ.

ಸ್ಪಿಟ್‌ಫೈರಿನ ಮೂಲ ವಿನ್ಯಾಸಕ ಆರ್. ಜೆ. ಮಿಚೆಲ್ ಯುದ್ಧಕ್ಕೆ ಮೊದಲೇ, 1937ರಲ್ಲಿ ತೀರಿಕೊಂಡರು. ಮುಂದಿನದನ್ನು ಹೊತ್ತವರು ಜೋಸೆಫ್ ಸ್ಮಿತ್. 1940ರ ಸೆಪ್ಟೆಂಬರ್ 24 ಮತ್ತು 26ರಂದು ಸೌತಾಂಪ್ಟನ್‌ನ ಸೂಪರ್‌ಮರೀನ್ ಕಾರ್ಖಾನೆ ಮೇಲೆ ಬಾಂಬು ಬಿತ್ತು. ವಿನ್ಯಾಸದ ತಂಡ ಡಿಸೆಂಬರ್ ಹೊತ್ತಿಗೆ ವಿಂಚೆಸ್ಟರ್ ಹತ್ತಿರದ ಹರ್ಸ್ಲಿ ಪಾರ್ಕ್ ಎಂಬ ದೊಡ್ಡ ಬಂಗಲೆಗೆ ಗಂಟುಮೂಟೆ ಕಟ್ಟಿತು. (ಐಟಿ ಗೆಳೆಯರಿಗೆ ಒಂದು ಮಾತು: ಅದೇ ಹರ್ಸ್ಲಿಯಲ್ಲಿ ಆಮೇಲೆ ಐಬಿಎಂ ಲ್ಯಾಬ್ ಬಂತು.) ಅಲ್ಲಿ ಯುದ್ಧ ಮುಗಿಯುವವರೆಗೂ ನಡೆದದ್ದು ಬಹುಪಾಲು ತಿದ್ದುಪಡಿಯ ಕೆಲಸ. 1941ರ ಕೊನೆಗೆ ಜರ್ಮನ್ನರ ಫಾಕ್‌ವುಲ್ಫ್ 190 ಬಂದು ಸ್ಪಿಟ್‌ಫೈರನ್ನು ಹಿಂದೆ ಹಾಕಿದಾಗ, ಹೊಸ ವಿಮಾನಕ್ಕೆ ಕಾಯುವಷ್ಟು ಹೊತ್ತಿರಲಿಲ್ಲ. ಇದ್ದ ಮೈಕಟ್ಟಿಗೇ ಹೊಸ ಮರ್ಲಿನ್ ಎಂಜಿನ್ ಕೂರಿಸಿ 1942ರಲ್ಲಿ ಮಾರ್ಕ್ 9 ಕಳಿಸಿದರು. ತಾತ್ಕಾಲಿಕ ಅಂತ ಮಾಡಿದ್ದು, ಸಾವಿರಾರು ತಯಾರಾಯಿತು. ನಮ್ಮ ಮೈಸೂರು ಸ್ಕ್ವಾಡ್ರನ್ನೂ ಅದನ್ನು ಹಾರಿಸಿತು.

ಅಪ್ಪನಿಗೆ ಹಿಡಿಸಿದ್ದು ಇದಲ್ಲ, ಬಿಯಾಟ್ರಿಸ್ ಶಿಲ್ಲಿಂಗ್. ಆಕೆ ಫಾರ್ನ್‌ಬರೋದಲ್ಲಿ ಎಂಜಿನಿಯರ್, ಬೈಕ್ ರೇಸರ್ ಬೇರೆ. ಸ್ಪಿಟ್‌ಫೈರ್ ಸರಕ್ಕನೆ ಮೂಗು ಕೆಳಗೆ ಮಾಡಿದರೆ ಕಾರ್ಬ್ಯುರೇಟರಿನ ಪೆಟ್ರೋಲು ಮೇಲಕ್ಕೆ ಚಿಮ್ಮಿ ಎಂಜಿನ್ ಮುಗ್ಗರಿಸುತ್ತಿತ್ತು, ಆಮೇಲೆ ಪೆಟ್ರೋಲು ಜಾಸ್ತಿಯಾಗಿ ಉಸಿರುಕಟ್ಟುತ್ತಿತ್ತು. ಜರ್ಮನ್ ಎಂಜಿನ್‌ಗೆ ಇಂಜೆಕ್ಷನ್, ಆ ರಗಳೆ ಇಲ್ಲ. ಶಿಲ್ಲಿಂಗ್ ಪೆಟ್ರೋಲ್ ದಾರಿಯಲ್ಲಿ ತೂತಿರುವ ಒಂದು ಪುಟ್ಟ ತುಂಡು ಇಡಿಸಿದರು. ಎಂಜಿನ್‌ಗೆ ಬೇಕಾದಷ್ಟು ಮಾತ್ರ ಹರಿಯುವ ಅಳತೆಯ ತೂತು. ಪೂರ್ತಿ ಪರಿಹಾರವಲ್ಲ, ಆದರೆ 1941ರ ಮೊದಲ ತಿಂಗಳುಗಳಲ್ಲೇ ಪೈಲಟ್‌ಗಳಿಗೆ ಸಿಕ್ಕಿತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಪಂಪ್‌ಸೆಟ್ ವಾಷರ್ ಇದ್ದಂಗೆ’ ಅಂದರು. ಆಮೇಲೆ, ‘ನಿಂದೂ ಅಂಥದೇ ಏನು?’

‘ಅಷ್ಟು ದೊಡ್ಡದಲ್ಲ’ ಅಂದೆ. ನಿಜವೇ ಹೇಳಿದ್ದು.

‘ನಮ್ಮೋರ್ಯಾರೂ ಆಗ ಮಾಡ್ಲಿಲ್ವಾ?’ ಅಂತ ಕೇಳಿದರು. ಮಾಡಿದರು, ನಮ್ಮ ಬೆಂಗಳೂರಲ್ಲೇ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಬಳಿ ಓದಿ ಬಂದಿದ್ದ ವಿ. ಎಂ. ಘಾಟಗೆ ಅಲ್ಲಿಗೆ ಸೇರಿ, ಹತ್ತು ಜನ ಕೂರುವ ಗ್ಲೈಡರ್ ವಿನ್ಯಾಸ ಮಾಡಿದರು. ಆದರೆ 1943ರ ಹೊತ್ತಿಗೆ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ ರಿಪೇರಿ ಡಿಪೋ ಆಯಿತು. ಘಾಟಗೆಯವರ ಎಚ್‌ಟಿ-2 ತರಬೇತಿ ವಿಮಾನ ಹಾರಿದ್ದು 1951ರ ಆಗಸ್ಟ್‌ನಲ್ಲಿ. ಹರ್ಸ್ಲಿಯವರಿಗೆ ಅವಸರ ಇತ್ತು, ದುಡ್ಡೂ ಇತ್ತು, ಅದರಲ್ಲಿ ಸ್ವಲ್ಪ ನಮ್ಮದು. ಇಲ್ಲಿಯವರು ಕಾಯಬೇಕಾಯಿತು. ನನಗೆ ಸಿಟ್ಟು ಬರೋದು ಇದಕ್ಕೇ.

ಭಾನುವಾರ ಗೊರೂರಿನ ಮೇಲೆ ಹಾಸನಕ್ಕೆ ಬಂದೆವು. ಅಪ್ಪನಿಗೆ ಗೊಬ್ಬರದ ಅಂಗಡಿಯಲ್ಲಿ ಕೆಲಸವಿತ್ತು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇದೆ. ಭುವನಹಳ್ಳಿಯ ಏರ್‌ಪೋರ್ಟ್ ಮಾತು ಅಂಗಡಿಯಲ್ಲೂ ಬಂತು, ನಾನು ಕಾಲೇಜಲ್ಲಿದ್ದಾಗಲೂ ಬರುತ್ತಿತ್ತು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ಎಚ್‌ಟಿ-2 ನಿಲ್ಲಿಸಿದ್ದಾರೆ, ಬಂದ್ರೆ ತೋರಿಸ್ತೀನಿ ಅಂದೆ. ಆಲೂಗಡ್ಡೆ ಬಿತ್ತನೆ ಮುಗೀಲಿ, ಬರ್ತೀನಿ ಅಂದರು. ‘ನಿನ್ ಬ್ರಾಕೆಟ್ಟೂ ಒಂದು ತಂದಿಡು, ಕೈಯಲ್ಲಿ ಹಿಡ್ದು ನೋಡ್ಬೇಕು.’