ಹಾರ್ಮೋನಿಯಂ ಮುಂದೆ ಕೂತ ನಿರ್ದೇಶಕ

ಮಂಡ್ಯ ಸೀಮೆಯ ನಾಟಕದ ಹುಚ್ಚಿಗೆ ನಾಲೆ ನೀರಿನ ಪಾಲೂ ಇದೆ. ವಿಶ್ವೇಶ್ವರಯ್ಯ ನಾಲೆ ಹರಿದು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದು, ಕಬ್ಬಿನ ದುಡ್ಡು ಕೈಗೆ ಸಿಕ್ಕ ಮೇಲೆ ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಗೂ ‘ಕುರುಕ್ಷೇತ್ರ’ ಕಟ್ಟುವ ತಾಕತ್ತು ಬಂತು. ಗುಬ್ಬಿ ನಾಟಕ ಕಂಪನಿಯ ಆಟ ನೋಡಿದ್ದ ಹಿರಿಯರು ಅದರ ನಟಿ ಮಳವಳ್ಳಿ ಸುಂದರಮ್ಮನವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಿದ್ದರು.

ಸುಗ್ಗಿ ಮುಗಿದರೆ ನಾಟಕ ಕಲಿಸುವ ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಯಾರದೋ ಜಗುಲಿಯಲ್ಲಿ ವಾಸ, ಮನೆಗೊಂದು ದಿನದಂತೆ ಊಟ. ಅಕ್ಷರ ಬಾರದ ದುರ್ಯೋಧನನಿಗೂ ಮಾತು ಬಾಯಿಪಾಠ ಮಾಡಿಸಬೇಕು. ಪಾರ್ಟಿಗೆ ದುಡ್ಡು ಹಾಕುವವರು ಆಡುವವರೇ ಆದ್ದರಿಂದ ಯಾರನ್ನೂ ಕೈಬಿಡುವಂತಿಲ್ಲ. ಒಂದೇ ಪಾತ್ರವನ್ನು ಇಬ್ಬರಿಗೆ ಹಂಚಿ, ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಕರಪತ್ರದಲ್ಲಿ ಅಚ್ಚಾಗುತ್ತಿತ್ತು.

ನಮ್ಮೂರಿನ ಭೀಮನಿಗೆ ಮೈಕಟ್ಟಿತ್ತು, ಕಂಠವಿರಲಿಲ್ಲ. ಕಂದ ಪದ್ಯ ಎತ್ತಿದರೆ ಎರಡನೇ ಸಾಲಿಗೇ ಉಸಿರು ಕಟ್ಟುತ್ತಿತ್ತು. ಮೇಷ್ಟ್ರು ಬೈಯಲಿಲ್ಲ. ‘ನೀನು ಹೇಳಣ್ಣ ಸಾಕು, ಎಳ್ಯೋದು ನನ್ ಪೆಟ್ಗೆಗೆ ಬುಡು’ ಎಂದು ಶ್ರುತಿ ಇಳಿಸಿದರು. ರಾತ್ರಿ ಲಾಟೀನಿನ ಮುಂದೆ ಕೂತು ಉದ್ದುದ್ದ ಪದಗಳನ್ನು ಹೊಡೆದುಹಾಕಿ, ಅವನ ಉಸಿರಿಗೆ ಒಗ್ಗುವಂತೆ ಬೇರೆಯೇ ಬರೆದರು. ಆಟದ ದಿನ ಬೆಳಗಿನ ಜಾವ ಗದೆ ಹೊತ್ತು ಅವನು ಅದನ್ನು ಹಾಡಿದಾಗ ಮಾರಿಗುಡಿ ಮುಂದೆ ಕೂತ ಜನ ‘ಒನ್ಸ್ ಮೋರ್’ ಎಂದು ಕೂಗಿದರು.

ಶಿಕ್ಷಣ ಮಂತ್ರಿಯಾಗಿದ್ದ ಕೆ.ವಿ. ಶಂಕರಗೌಡರೂ ಬಣ್ಣ ಹಚ್ಚಿದವರೇ. ಅಂಥವರಿದ್ದ ಜಿಲ್ಲೆಯಲ್ಲಿ ನಾಟಕದವರನ್ನು ಹಗುರಾಗಿ ಕಾಣುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಈಗ ಆಟ ಊರಿಗಿಂತ ಮಂಡ್ಯದ ಕಲಾಮಂದಿರದಲ್ಲೇ ಹೆಚ್ಚು, ಅದೂ ಹಗಲಲ್ಲಿ. ಸೀನರಿ, ಕಿರೀಟ, ಮೈಕು ಎಲ್ಲ ಬಾಡಿಗೆಗೆ ಸಿಗುತ್ತವೆ. ಗಂಡಸರು ಸೀರೆ ಉಟ್ಟು ದ್ರೌಪದಿಯಾಗುತ್ತಿದ್ದ ಕಡೆ ಕಲಾವಿದೆಯರು ಬಂದಿದ್ದಾರೆ. ಅದು ಒಳ್ಳೆಯದೇ ಆಯಿತು. ಆದರೆ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲಿ ಉಳಿಯುವುದು ನಿಂತಿದೆ. ಆಡುವವರು ಅವರ ಹಾಡನ್ನು ಮೊಬೈಲಿಗೆ ತುಂಬಿಕೊಂಡು ಕೆಲಸದ ನಡುವೆ ಕೇಳಿ ಕಲಿಯುತ್ತಾರೆ. ಹಾಡು ಬರುತ್ತದೆ, ಆದರೆ ಹಾಡುವವನ ಉಸಿರು ನೋಡಿ ಬರೆದುಕೊಡುವವರಿಲ್ಲ.

1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ ಬಿ.ವಿ. ಕಾರಂತರೂ ಹುಡುಗನಾಗಿ ಗುಬ್ಬಿ ಕಂಪನಿ ಸೇರಿದವರು. ಆ ಕಂಪನಿಯ ನೀರು ಕುಡಿದ ಇನ್ನೊಂದು ಬೇರು ನಮ್ಮ ಹಳ್ಳಿ ಮೇಷ್ಟ್ರುಗಳದು. ಅವರು ನಿರ್ದೇಶಕರೂ ಹೌದು, ನಾಟಕಕಾರರೂ ಹೌದು. ಬರೆದದ್ದು ಮಾತ್ರ ಅಚ್ಚಾಗಲಿಲ್ಲ, ನೋಟ್‌ಬುಕ್ಕುಗಳಲ್ಲೇ ಉಳಿಯಿತು. ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದೊಂದು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಪುಟಪುಟವನ್ನೂ ಫೋಟೋ ತೆಗೆದಿಡಿ, ಬರೆದ ಮೇಷ್ಟ್ರ ಹೆಸರನ್ನೂ ಊರನ್ನೂ ಅದರ ಜೊತೆಗೇ ಬರೆದಿಡಿ.