ಕಾಂಬೊ ಕೂಡಿಬರುವ ತನಕ

ಎದುರಾಳಿಯೇ ಇಲ್ಲದ ಇಸ್ಪೀಟು ಎಂದರೆ ನಮ್ಮ ಕಡೆ ನಂಬುವವರು ಕಡಿಮೆ. ಶಿವರಾತ್ರಿ ಜಾಗರಣೆಗೋ ಮದುವೆಯ ಹಿಂದಿನ ರಾತ್ರಿಗೋ ಎಲೆ ಹಿಡಿದರೆ ಕ್ಷಮೆಯುಂಟು, ಉಳಿದ ದಿನ ಹಿಡಿದವನು ಮನೆಹಾಳ ಎಂದು ಕೇಳಿಕೊಂಡೇ ಬೆಳೆದವನು ನಾನು. ಭಾವಮೈದುನ ದಪ್ಪ ಪೆಟ್ಟಿಗೆಯೊಂದನ್ನು ಊಟದ ಮೇಜಿನ ಮೇಲಿಟ್ಟು, ‘ಇದರಲ್ಲಿ ನಾನೂ ನೀವೂ ಒಂದೇ ಕಡೆ ಭಾವ’ ಎಂದಾಗ ಒಳಗಿನಿಂದ ನನ್ನವಳು ಕೇಳಿದ್ದು ಒಂದೇ ಮಾತು: ‘ಹಾಗಾದ್ರೆ ದುಡ್ಡು ಕಳ್ಕೊಳ್ಳೋರು ಯಾರು?’

ಪೆಟ್ಟಿಗೆಗೆ ಕೊಟ್ಟ ದುಡ್ಡು ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಅದು ‘ದಿ ಲಾರ್ಡ್ ಆಫ್ ದಿ ರಿಂಗ್ಸ್: ದಿ ಕಾರ್ಡ್ ಗೇಮ್’. ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ 2011ರಲ್ಲಿ ಹೊರತಂದ ಆಟ. ರೂಪಿಸಿದವರು ನೇಟ್ ಫ್ರೆಂಚ್. ಟೋಲ್ಕೀನ್ ಕಥೆಯ ವೀರರಲ್ಲಿ ಮೂವರ ತನಕ ಆರಿಸಿಕೊಂಡು, ಕಡಿಮೆಯೆಂದರೆ 50 ಕಾರ್ಡಿನ ಡೆಕ್ ಅನ್ನು ನಾವೇ ಕಟ್ಟಿಕೊಳ್ಳಬೇಕು. ಒಂದೇ ಹೆಸರಿನ ಕಾರ್ಡು ಮೂರಕ್ಕಿಂತ ಹೆಚ್ಚು ಇರಕೂಡದು. ಎದುರಾಳಿ ಕೂರುವ ಜಾಗದಲ್ಲಿ ಇನ್ನೊಂದು ಕಟ್ಟು ಇರುತ್ತದೆ, ಎನ್‌ಕೌಂಟರ್ ಡೆಕ್. ಪ್ರತಿ ಸುತ್ತಿನಲ್ಲೂ ತಲೆಗೊಂದರಂತೆ ಅದರಿಂದ ಕಾರ್ಡು ತಿರುವಬೇಕು. ಜೇಡ ಬರಬಹುದು, ಓರ್ಕ್ ಬರಬಹುದು, ದಾರಿ ತಪ್ಪಿಸುವ ಕಾಡೇ ಬರಬಹುದು. ಆ ಕಟ್ಟಿಗೆ ನಮ್ಮ ಮೇಲೆ ದ್ವೇಷವೂ ಇಲ್ಲ, ಮರುಕವೂ ಇಲ್ಲ. ಈ ನಡುವೆ ‘ಥ್ರೆಟ್’ ಎಂಬ ನಮ್ಮ ಅಂಕೆ ಸುತ್ತಿಗೊಂದರಂತೆ ಏರುತ್ತ ಹೋಗುತ್ತದೆ. ಅದು 50 ಮುಟ್ಟಿದವನು ಎದ್ದು ಹೋಗಿ ಕಾಫಿ ಮಾಡಬಹುದು.

ಮೊದಲ ಪೆಟ್ಟಿಗೆಯಲ್ಲೇ ಒಂದು ಹೆಸರಾಂತ ಕಾಂಬೊ, ಅಂದರೆ ಒಂದಕ್ಕೊಂದು ಬಲ ಕೊಡುವ ಕಾರ್ಡುಗಳ ಕೂಟ, ಅಡಗಿದೆ. ಗ್ಯಾಂಡಾಲ್ಫ್‌ನ ಕಾರ್ಡಿಗೆ 5 ಸಂಪನ್ಮೂಲ ತೆರಬೇಕು. ಒಬ್ಬ ವೀರನಿಗೆ ಸುತ್ತಿಗೆ ಸಿಗುವುದು ಒಂದು, ಮೂವರಿಗೆ ಮೂರು. ಅಂದರೆ ಆ ಮುದುಕನನ್ನು ಕರೆಸಲು ಎರಡು ಸುತ್ತಿನ ಗಳಿಕೆ ಸುರಿಯಬೇಕು. ಬಂದವನು ಮೂರರಲ್ಲಿ ಒಂದು ಉಪಕಾರ ಮಾಡುತ್ತಾನೆ: 3 ಕಾರ್ಡು ಎಳೆಸುತ್ತಾನೆ, ಇಲ್ಲವೇ ಒಬ್ಬ ಶತ್ರುವಿಗೆ 4 ಏಟು ಹಾಕುತ್ತಾನೆ, ಇಲ್ಲವೇ ನಮ್ಮ ಥ್ರೆಟ್ ಅನ್ನು 5 ಇಳಿಸುತ್ತಾನೆ. ಸುತ್ತು ಮುಗಿದೊಡನೆ ಹೊರಟುಹೋಗುತ್ತಾನೆ. ‘ಸ್ನೀಕ್ ಅಟ್ಯಾಕ್’ ಎಂಬ ಇನ್ನೊಂದು ಕಾರ್ಡಿಗೆ ತೆರಬೇಕಾದ್ದು ಒಂದೇ ಒಂದು. ಕೈಯಲ್ಲಿರುವ ಯಾವ ಜೊತೆಗಾರನನ್ನಾದರೂ ಅದು ಪುಕ್ಕಟೆಯಾಗಿ ಕಣಕ್ಕಿಳಿಸುತ್ತದೆ. ಸುತ್ತಿನ ಆ ಹಂತ ಮುಗಿದಾಗ ಅವನು ಇನ್ನೂ ಉಳಿದಿದ್ದರೆ ನಮ್ಮ ಕೈಗೇ ವಾಪಸು ಬರುತ್ತಾನೆ. ಎರಡನ್ನೂ ಕೂಡಿಸಿ ನೋಡಿ. ಐದರ ಕೆಲಸ ಒಂದರಲ್ಲಿ ಮುಗಿಯಿತು, ಗ್ಯಾಂಡಾಲ್ಫ್ ಖರ್ಚಾಗದೆ ಕೈಯಲ್ಲೇ ಉಳಿದ, ಮತ್ತೊಂದು ಸ್ನೀಕ್ ಅಟ್ಯಾಕ್ ಸಿಕ್ಕಿದರೆ ಮತ್ತೆ ಬರುತ್ತಾನೆ. ಇದನ್ನು ಕಂಡುಕೊಂಡ ರಾತ್ರಿ ಭಾವಮೈದುನ ನಿದ್ದೆ ಮಾಡಿರಲಾರ.

ರುಚಿ ಹತ್ತಿತು. ಅಲ್ಲಿಂದ ಮುಂದೆ ಅವನು ಕಟ್ಟಿದ್ದೆಲ್ಲ ಕಾಂಬೊ ಡೆಕ್ಕೇ. ಎರಡು ಕಾರ್ಡಿನದು ಸಪ್ಪೆಯಾಗಿ ಮೂರರದು, ಮೂರರದು ಸಾಲದೆ ನಾಲ್ಕರದು. ಮದುವೆ ಮನೆಗೆ ಪಾತ್ರೆ ಬಂತು, ಅಕ್ಕಿ ಬಂತು, ಅಡುಗೆ ಭಟ್ಟರೂ ಬಂದರು, ಬೆಂಕಿಪೊಟ್ಟಣ ಮಾತ್ರ ಇಲ್ಲ ಎಂಬಂತೆ ಯಾವಾಗ ಕೇಳಿದರೂ ಅವನ ಕೈಯಲ್ಲಿ ಒಂದು ಕಡಿಮೆ. ‘ಒಂದೇ ಒಂದು ಕಾರ್ಡು ಬರಬೇಕು ಭಾವ. ಅಲ್ಲೀವರೆಗೆ ಟ್ರೋಲನ್ನ ನೀವು ನೋಡ್ಕೊಳ್ಳಿ.’ ನೋಡಿಕೊಳ್ಳುವುದಂತೆ! ಆಂಡುಯಿನ್ ನದಿಯ ಸಾಹಸದಲ್ಲಿ ಎದುರಾಗುವ ಹಿಲ್ ಟ್ರೋಲ್‌ನ ಹೊಡೆತ 6, ರಕ್ಷಣೆ 3, ಜೀವ 9. ಯಾವನೋ ಬಡಪಾಯಿಯನ್ನು ಅಡ್ಡ ನಿಲ್ಲಿಸಿ ಪಾರಾಗೋಣ ಎಂದರೆ ಅದೂ ಇಲ್ಲ. ಅವನು ಸತ್ತ ಮೇಲೆ ಮಿಕ್ಕ ಏಟೆಲ್ಲ ನನ್ನ ಥ್ರೆಟ್‌ಗೆ ಜಮೆಯಾಗುತ್ತದೆ. ಭಾವಮೈದುನ ಕಾರ್ಡು ಕಾಯುತ್ತಿದ್ದ, ನಾನು ಅವನನ್ನು ಕಾಯುತ್ತಿದ್ದೆ. ಸಾಲದ್ದಕ್ಕೆ ಅವನ ಗ್ಯಾಂಡಾಲ್ಫ್ ಬಂದರೂ ಇಳಿಸುವುದು ಅವನ ಥ್ರೆಟ್ ಅನ್ನು ಮಾತ್ರ.

ಬ್ಯಾಂಕಿನಲ್ಲಿ ಕೂಡಿ ಕಳೆದು ಹೊಟ್ಟೆ ಹೊರೆದ ನನಗೆ ಲೆಕ್ಕ ಹಾಕದೆ ಇರಲಾಗಲಿಲ್ಲ. 50ರಲ್ಲಿ ಒಂದು ಕಾರ್ಡಿನ 3 ಪ್ರತಿ ಇಟ್ಟರೆ, ಶುರುವಿಗೆ ಎಳೆಯುವ ಆರರಲ್ಲಿ ಅದು ಕಾಣಿಸುವ ಸಂಭವ ನೂರಕ್ಕೆ 32. ಎರಡು ಬೇರೆ ಬೇರೆ ಕಾರ್ಡು ಒಟ್ಟಿಗೆ ಬರುವ ಸಂಭವ ನೂರಕ್ಕೆ 9. ಮೂರೂ ಕೂಡಿ ಬರಬೇಕೆಂದರೆ ನೂರಕ್ಕೆ 2 ಚಿಲ್ಲರೆ. ಬಂದ ಕೈ ಹಿಡಿಸದಿದ್ದರೆ ಒಮ್ಮೆ ಕಲೆಸಿ ಹೊಸದಾಗಿ ಆರು ಎಳೆಯಬಹುದು, ನಿಜ. ಆಮೇಲೆ ಸುತ್ತಿಗೆ ಒಂದೇ ಕಾರ್ಡು. ಲಕೋಟೆಯ ಹಿಂದೆ ಬರೆದ ಈ ಲೆಕ್ಕ ತೋರಿಸಿದರೆ ಅವನು, ‘ಅದಕ್ಕೇ ಭಾವ, ಕಾರ್ಡು ಎಳೆಯೋ ಕಾರ್ಡುಗಳನ್ನ ಜಾಸ್ತಿ ತುಂಬ್ತೀನಿ’ ಎಂದ. ಕಾಂಬೊ ಕಟ್ಟುವವರ ರೋಗವೇ ಇದು. ಕಾಂಬೊಗೆ ಒಂದಷ್ಟು ಜಾಗ, ಅದನ್ನು ಹುಡುಕಲು ಒಂದಷ್ಟು, ಹುಡುಕುವುದಕ್ಕೆ ಬೇಕಾದ ಸಂಪನ್ಮೂಲಕ್ಕೆ ಇನ್ನಷ್ಟು. ಕೊನೆಗೆ ಕತ್ತಿ ಹಿಡಿಯಲು ಡೆಕ್‌ನಲ್ಲಿ ಆಳೇ ಇರುವುದಿಲ್ಲ.

ಕಾಡಿನ ಕಡೆಯ ಕಟ್ಟೂ ಸುಮ್ಮನಿರುವುದಿಲ್ಲ. ಮಿರ್ಕ್‌ವುಡ್ ಕಾಡಿನ ಮೊದಲ ಸಾಹಸದಲ್ಲಿ ‘ಐಸ್ ಆಫ್ ದಿ ಫಾರೆಸ್ಟ್’ ಎಂಬ ಕಾರ್ಡಿದೆ. ಅದು ತಿರುವಿಕೊಂಡರೆ ಪ್ರತಿಯೊಬ್ಬರೂ ಕೈಯಲ್ಲಿರುವ ಈವೆಂಟ್ ಕಾರ್ಡುಗಳನ್ನೆಲ್ಲ, ಅಂದರೆ ಒಮ್ಮೆ ಆಡಿ ಬಿಡುವಂಥವನ್ನೆಲ್ಲ, ಬಿಸಾಡಬೇಕು. ಸ್ನೀಕ್ ಅಟ್ಯಾಕ್ ಈವೆಂಟ್. ಇವತ್ತಲ್ಲ ನಾಳೆ ಗ್ಯಾಂಡಾಲ್ಫ್ ಬಂದೇ ಬರುತ್ತಾನೆಂದು ಎರಡೆರಡು ಸ್ನೀಕ್ ಅಟ್ಯಾಕ್ ಕೂಡಿಟ್ಟುಕೊಂಡಿದ್ದವನ ಮುಖವನ್ನು ಆ ಹೊತ್ತಿನಲ್ಲಿ ನೋಡಬೇಕು. ನಾನು ನೋಡಿದ್ದೇನೆ. ಒಳಗೊಳಗೇ ಖುಷಿಯಾಯಿತು ಎಂದು ಈಗ ಬರೆಯಬಹುದು. ಅವನು ಕನ್ನಡ ಪತ್ರಿಕೆ ಓದುವುದಿಲ್ಲ.

ಇದಕ್ಕೆ ಬದಲಾಗಿ ಕುಳ್ಳರ ಡೆಕ್ ಕಟ್ಟಬಹುದಲ್ಲ ಎಂದೆ. ಡಾಯಿನ್ ಐರನ್‌ಫುಟ್ ಎಂಬ ವೀರ ದಣಿಯದೆ ನಿಂತಿರುವಷ್ಟು ಹೊತ್ತು ಪ್ರತಿಯೊಬ್ಬ ಕುಳ್ಳನಿಗೂ ಹೊಡೆತದಲ್ಲಿ ಒಂದು, ಪಯಣ ಸಾಗಿಸುವ ಮನೋಬಲದಲ್ಲಿ ಒಂದು ಹೆಚ್ಚು. ಜೊತೆಗೆ ಥೋರಿನ್ ಇದ್ದು ಕುಳ್ಳರು ಐವರಾದರೆ ಅವನಿಗೆ ಸುತ್ತಿಗೊಂದು ಸಂಪನ್ಮೂಲ ಜಾಸ್ತಿ. ಅಲ್ಲಿ ಯಾವ ಕಾರ್ಡು ಮೊದಲು ಬಂದರೂ ನಡೆಯುತ್ತದೆ. ಒಬ್ಬ ಕುಳ್ಳ ಒಬ್ಬನ ಕೆಲಸ ಮಾಡುತ್ತಾನೆ, ಐವರಾದರೆ ಎಂಟು ಜನರ ಕೆಲಸ. ಭಾವಮೈದುನ ಮೂಗು ಮುರಿದ. ‘ಅದರಲ್ಲೇನಿದೆ ಭಾವ, ಎಲ್ಲರೂ ಕಟ್ಟೋದೇ ಅದು.’ ಅವನ ಮಾತಿನಲ್ಲಿ ಅರ್ಥವಿಲ್ಲ ಎನ್ನಲಾರೆ. ಒಂಟಿಯಾಗಿದ್ದರೆ ಕೆಲಸಕ್ಕೆ ಬಾರದ ಎರಡು ಕಾರ್ಡು ಪಕ್ಕಪಕ್ಕ ಬಂದೊಡನೆ ಬೆಟ್ಟ ಅಲ್ಲಾಡಿಸುವುದನ್ನು ನೋಡುವ ಸುಖ ಕುಳ್ಳರ ದಂಡಿನಲ್ಲಿ ಸಿಗುವುದಿಲ್ಲ.

ಆದರೆ ಆ ಸುಖ ಯಾರದು? ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ತಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ನಂಥ ಆಟದಲ್ಲಿ ಕಾಂಬೊ ಕೂಡಿತೆಂದರೆ ಎದುರಿನವನು ಸೋತ, ಕೈಕುಲುಕಿದ, ಎದ್ದ. ಕೂಡಿ ಆಡುವ ಆಟದಲ್ಲಿ ಕಾಂಬೊ ಕೂಡದಿದ್ದರೆ ಪಕ್ಕದವನು ಸಾಯುತ್ತಾನೆ. ಕೂಡಿದರೆ ಇನ್ನೂ ಕಷ್ಟ, ಅವನು ಪ್ರೇಕ್ಷಕನಾಗುತ್ತಾನೆ. ಒಂದು ಕಾರ್ಡು ಇನ್ನೊಂದನ್ನು ಎಬ್ಬಿಸಿ, ಅದು ಮೂರನೆಯದನ್ನು ಎಳೆದು, ಮೂರನೆಯದು ಮೊದಲನೆಯದನ್ನು ಕೈಗೆ ತಂದು, ಅವನು ಗುಣುಗುಣು ಎಣಿಸುತ್ತ ಕೂತಿದ್ದರೆ ನಾನು ಗೋಡೆಯ ಮೇಲಿನ ಹಲ್ಲಿ ನೋಡುತ್ತ ಕೂತಿದ್ದೇನೆ. ಕೊನೆಗೆ ‘ಗೆದ್ವಿ ಭಾವ!’ ಎನ್ನುತ್ತಾನೆ. ನಾನು ಏನು ಮಾಡಿ ಗೆದ್ದೆ ಎಂಬುದು ನನಗೇ ತಿಳಿಯದು. ಇಂಥ ಗೆಲುವಿಗಿಂತ ಇಬ್ಬರೂ ಸೇರಿ ಟ್ರೋಲ್‌ನ ಕೈಲಿ ಒದೆ ತಿಂದದ್ದೇ ವಾಸಿ.

ನಮ್ಮ ಆಟ ಹದಕ್ಕೆ ಬಂದದ್ದು ಕಾಂಬೊವನ್ನು ಎರಡು ಡೆಕ್‌ಗಳಿಗೆ ಹಂಚಿದ ಮೇಲೆ. ಬೋರೊಮಿರ್ ನನ್ನವನು. ಅವನ ಗುಣವೇನೆಂದರೆ, ನನ್ನ ಥ್ರೆಟ್ ಒಂದು ಏರಿಸಿಕೊಂಡರೆ ದಣಿದವನು ಎದ್ದು ನಿಲ್ಲುತ್ತಾನೆ. ಹಂತಕ್ಕೆ ಒಮ್ಮೆ. ಅವನು ವೀರನಾದ್ದರಿಂದ ಆಟದ ಶುರುವಿನಿಂದಲೇ ಮೇಜಿನ ಮೇಲಿರುತ್ತಾನೆ, ಹುಡುಕುವ ತಾಪತ್ರಯವಿಲ್ಲ. ಕಾಂಬೊದ ಒಂದು ಕಾಲು ವೀರನೇ ಆಗಿದ್ದರೆ ಅರ್ಧ ಭಾರ ಇಳಿದಂತೆ. ‘ಗೊಂಡೋರಿಯನ್ ಫೈರ್’ ನನ್ನ ಡೆಕ್‌ನಲ್ಲಿ. ಒಂದು ಸಂಪನ್ಮೂಲ ಕೊಟ್ಟರೆ, ಬೋರೊಮಿರ್ ಬಳಿ ಉಳಿದ ಪ್ರತಿಯೊಂದಕ್ಕೂ ಅವನ ಹೊಡೆತ ಒಂದೊಂದು ಹೆಚ್ಚುತ್ತದೆ. ‘ಸ್ಟುವರ್ಡ್ ಆಫ್ ಗೊಂಡೋರ್’ ಭಾವಮೈದುನನ ಡೆಕ್‌ನಲ್ಲಿ. ಸುತ್ತಿಗೆ ಎರಡು ಸಂಪನ್ಮೂಲ ಕೊಡುವ ಪದವಿ ಅದು, ಯಾರ ವೀರನ ಮೇಲಾದರೂ ಇಡಬಹುದು. ಅವನು ಅದನ್ನು ತಂದು ನನ್ನ ಬೋರೊಮಿರ್ ಮೇಲಿಟ್ಟರೆ ಸುತ್ತಿಗೆ ಮೂರರಂತೆ ಕೂಡುತ್ತ ನಾಲ್ಕನೆಯ ಸುತ್ತಿಗೆ ಹತ್ತು ದಾಟುತ್ತದೆ. ಹತ್ತರಲ್ಲಿ ಒಂದು ಕೊಟ್ಟು ಒಂಬತ್ತು, ಬೋರೊಮಿರ್‌ನ ಸ್ವಂತದ್ದು ಮೂರು, ಒಟ್ಟು ಹನ್ನೆರಡು. ಹಿಲ್ ಟ್ರೋಲ್‌ನ ರಕ್ಷಣೆ ಮೂರು, ಜೀವ ಒಂಬತ್ತು. ಸರಿಯಾಗಿ ಹನ್ನೆರಡು! ಟ್ರೋಲ್ ಬಿತ್ತು. ಥ್ರೆಟ್ ಒಂದು ಏರಿಸಿ ಬೋರೊಮಿರ್‌ನನ್ನು ಎಬ್ಬಿಸಿದರೆ ಪಕ್ಕದ ಓರ್ಕ್‌ಗೂ ಅದೇ ಹನ್ನೆರಡು.

ಎರಡೂ ಕಾರ್ಡು ಈವೆಂಟ್ ಅಲ್ಲವಾದ್ದರಿಂದ ಮಿರ್ಕ್‌ವುಡ್‌ನ ಕಣ್ಣಿಗೂ ಬೀಳುವುದಿಲ್ಲ. ಲೆಕ್ಕವೂ ನಮ್ಮ ಕಡೆಗೇ ವಾಲುತ್ತದೆ. ಎರಡೂ ಒಬ್ಬನ ಡೆಕ್‌ನಲ್ಲಿದ್ದರೆ, ಒಮ್ಮೆ ಕಲೆಸಿ ಎಳೆದುಕೊಂಡರೂ ಶುರುವಿನಲ್ಲೇ ಜೋಡಿ ಸಿಗುವ ಸಂಭವ ನೂರಕ್ಕೆ 18. ಇಬ್ಬರೂ ಒಂದೊಂದನ್ನು ಹುಡುಕಿದರೆ ನೂರಕ್ಕೆ 30ರ ಹತ್ತಿರ. ಲಕೋಟೆಯ ಲೆಕ್ಕಕ್ಕೆ ಅವನು ಮೊದಲ ಬಾರಿಗೆ ತಲೆದೂಗಿದ.

ಇನ್ನೊಂದು ಸ್ವಾರಸ್ಯ ನಿಯಮದಲ್ಲೇ ಇದೆ. ಎಷ್ಟು ಬೇಕಾದರೂ ಮಾತಾಡಿಕೊಳ್ಳಿ ಎನ್ನುತ್ತದೆ ನಿಯಮಪುಸ್ತಕ, ಆದರೆ ಕೈಯಲ್ಲಿರುವ ಕಾರ್ಡಿನ ಹೆಸರು ಹೇಳುವಂತಿಲ್ಲ, ಅದರಲ್ಲಿರುವುದನ್ನು ಓದುವಂತಿಲ್ಲ. ಐವತ್ತಾರು ಎಂಬ ಇಸ್ಪೀಟಾಟ ಆಡುವಾಗ ಜೊತೆಯವನಿಗೆ ಕಣ್ಣು ಹೊಡೆದು ಹಿರಿಯರಿಂದ ಬೈಸಿಕೊಂಡವನಿಗೆ ಇದಕ್ಕಿಂತ ಭಾಗ್ಯ ಬೇಕೆ? ಭಾವಮೈದುನ ಕೈ ನೋಡಿಕೊಂಡು, ‘ಭಾವ, ನಿಮ್ಮ ಬೋರೊಮಿರ್‌ಗೆ ಸದ್ಯದಲ್ಲೇ ಸರ್ಕಾರಿ ಕೆಲಸ ಆಗೋ ಹಾಗಿದೆ’ ಎನ್ನುತ್ತಾನೆ. ನಾನು ಕೈಯಲ್ಲಿರುವ ಸಂಪನ್ಮೂಲ ಖರ್ಚು ಮಾಡದೆ ಹಿಡಿದಿಟ್ಟುಕೊಳ್ಳುತ್ತೇನೆ. ಆ ಮಾತು ಹುಟ್ಟುವುದು ಕಾಂಬೊ ಇಬ್ಬರಲ್ಲಿ ಹಂಚಿಹೋಗಿದ್ದಾಗ ಮಾತ್ರ. ಒಬ್ಬನೇ ಎಲ್ಲ ಹಿಡಿದುಕೊಂಡು ಕೂತ ಮೇಜಿನಲ್ಲಿ ಕೇಳಿಸುವುದು ಫ್ಯಾನಿನ ಸದ್ದು.

ಇಷ್ಟಾದರೂ ನಮ್ಮಿಬ್ಬರ ಡೆಕ್‌ನಲ್ಲಿ ಒಂದು ಕೊರತೆ ಉಳಿದಿದೆ. ಹೊಡೆದಾಟಕ್ಕೆ ಬೋರೊಮಿರ್ ಇದ್ದಾನೆ, ದುಡ್ಡಿಗೆ ಭಾವಮೈದುನನ ಕಡೆಯವರಿದ್ದಾರೆ; ಪಯಣ ಮುಂದೆ ಸಾಗಲು ಬೇಕಾದ ಮನೋಬಲ ಇಬ್ಬರಲ್ಲೂ ಕಡಿಮೆ. ಟ್ರೋಲ್‌ಗಳನ್ನೆಲ್ಲ ಕೊಂದು ನದಿ ದಂಡೆಯಲ್ಲೇ ನಿಂತುಬಿಡುತ್ತೇವೆ, ಥ್ರೆಟ್ ಏರುತ್ತಿರುತ್ತದೆ. ಈ ಆಟಕ್ಕೆ ನಾಲ್ಕು ಜನರ ತನಕ ಕೂರಬಹುದು. ಭಾನುವಾರ ಮಧ್ಯಾಹ್ನ ಬಿಡುವಿರುವ ಮೂರನೆಯವರು ಯಾರಾದರೂ ಇದ್ದರೆ ಬನ್ನಿ, ಕಾಫಿ ನಮ್ಮದು. ಮನೋಬಲ ನಾಲ್ಕಿರುವ ಇಯೋವಿನ್‌ನ ಡೆಕ್ ಕಟ್ಟಿಕೊಂಡು ಬಂದರೆ ಇನ್ನೂ ಒಳ್ಳೆಯದು. ಬೋರೊಮಿರ್‌ನನ್ನು ಮಾತ್ರ ತರಬೇಡಿ. ಮೇಜಿನ ಮೇಲೆ ಅವನು ಒಬ್ಬನೇ ಇರಬೇಕೆಂಬುದು ನಿಯಮ, ಮತ್ತು ಅವನು ಈಗಾಗಲೇ ನನ್ನ ಹತ್ತಿರ ಇದ್ದಾನೆ.