ಕುಲುಕಿ ಹಾಕುವ ಹನಿ

ಮಣಲಿಯಲ್ಲಿ ಕಣ್ಣು ಕೆಂಪಾದರೆ ಯಾರೂ ಕಾರಣ ಹುಡುಕುವುದಿಲ್ಲ. ಎಣ್ಣೆ ಕಾರ್ಖಾನೆ, ಗೊಬ್ಬರದ ಕಾರ್ಖಾನೆ ಎರಡೂ ಪಕ್ಕದಲ್ಲೇ ಇವೆಯಲ್ಲ, ಹೊಗೆ ಎಂದುಬಿಡುತ್ತಾರೆ. ಕೆಂಪು ಹೋಯಿತೋ, ಕಣ್ಣು ಸರಿಹೋಯಿತೆಂದೇ ಲೆಕ್ಕ. ಆ ಲೆಕ್ಕ ತಾಳೆಯಾಗದ್ದು ನಮ್ಮ ಅಕ್ಕನ ಮಗನ ವಿಷಯದಲ್ಲಿ. ಬಿ.ಕಾಂ. ಓದಲು ನಾನು ಇರುವುದು ಅವಳ ಮನೆಯಲ್ಲೇ.

ಹುಡುಗನಿಗೆ ಐದು ವರ್ಷ. ಪೊರೆಯ ಆಪರೇಷನ್ ಆದ ಮೇಲೆ ಹಾಲಿನಂಥ ಬಿಳಿ ಹನಿ ಬರೆದುಕೊಟ್ಟರು, ಸ್ಟೀರಾಯ್ಡು. ಪ್ರತಿ ಸಲವೂ ಸೀಸೆ ಕುಲುಕಿ ಹಾಕಬೇಕು. ಶಸ್ತ್ರಕ್ರಿಯೆಯಾದರೆ ಮಕ್ಕಳ ಕಣ್ಣು ದೊಡ್ಡವರದಕ್ಕಿಂತ ಹೆಚ್ಚು ಕೆರಳುತ್ತದೆ, ಆದ್ದರಿಂದ ಈ ಹನಿ ಬೇಕೇ ಬೇಕು. ಮೂರನೆಯ ವಾರಕ್ಕೆ ಕಣ್ಣು ತಿಳಿಯಾಯಿತು. "ಚೆನ್ನಾಗೇ ಇದೆಯಲ್ಲ, ಮತ್ತೆ ಯಾಕೆ? ಒಂದು ದಿನದ ಸಂಬಳ ಹೋಗತ್ತೆ" ಅಂದರು ಭಾವ. "ಚೀಟೀಲಿ ತಾರೀಖು ಬರ್ದಿದಾರೆ ಕಣ್ರೀ, ಹೋಗ್ಲೇಬೇಕು" ಅಂದಳು ಅಕ್ಕ.

ಕಣ್ಣಿನ ಒತ್ತಡ ನೋಡಿದರು. 30! ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ 10ರಿಂದ 21ರೊಳಗೆ ಇರಬೇಕಾದದ್ದು. ನೋವಿಲ್ಲ, ಕೆಂಪಿಲ್ಲ, ಹುಡುಗ ಕುರ್ಚಿಯಲ್ಲಿ ಕಾಲಾಡಿಸುತ್ತ ಕೂತಿದ್ದ.

ಕಣ್ಣಿನೊಳಗೆ ಸದಾ ನೀರು ಊರುತ್ತದೆ, ಮೂಲೆಯ ಜರಡಿಯಂಥ ಜಾಲದಿಂದ ಹೊರಗೆ ಹರಿದುಹೋಗುತ್ತದೆ. ಕೆಲವರಲ್ಲಿ ಸ್ಟೀರಾಯ್ಡು ಆ ಜಾಲವನ್ನೇ ಬಿಗಿಯುತ್ತದೆ. ಕೆರೆಯ ತೂಬು ಕಟ್ಟಿದ ಹಾಗೆ. ಒತ್ತಡ ಹಾಗೇ ಉಳಿದರೆ ಹಿಂದಿನ ನರ ಸವೆಯುತ್ತದೆ; ಹೋದ ದೃಷ್ಟಿ ಮರಳುವುದಿಲ್ಲ. ಅಮೆರಿಕದಲ್ಲಿ ಆರ್ಮಲಿ, ಬೆಕರ್ ಎಂಬ ವೈದ್ಯರು 1963ರ ಸುಮಾರಿಗೇ ಜನರಿಗೆ ಈ ಹನಿ ಕೆಲವು ವಾರ ಹಾಕಿ ನೋಡಿ, ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಒತ್ತಡ ಏರುವುದನ್ನು ಕಂಡಿದ್ದರು. ಮಕ್ಕಳಲ್ಲಿ ಇನ್ನೂ ಬೇಗ, ಇನ್ನೂ ಹೆಚ್ಚು ಏರುತ್ತದೆ. ಮಂಜಾಗಿದೆ ಅಂತ ಹೇಳೋಕೂ ಅವಕ್ಕೆ ಬರೋದಿಲ್ಲ.

ನನಗೆ ಸಿಟ್ಟು ಬಂದದ್ದು ಚೀಟಿಯ ಮೇಲೆ. ತಾರೀಖಿತ್ತು, ಕಾರಣವಿರಲಿಲ್ಲ. "ಈ ಹನಿ ಒತ್ತಡ ಏರಿಸಬಹುದು, ತಪ್ಪದೆ ಬನ್ನಿ" ಎಂದು ಒಂದು ಸಾಲು ಬರೆದಿದ್ದರೆ ಭಾವ ಸಂಬಳದ ಮಾತೆತ್ತುತ್ತಿರಲಿಲ್ಲ. ಇಂಥ ಹನಿಯನ್ನು ಕಣ್ಣು ತುರಿಸುತ್ತದೆ ಎಂದು ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡು ತಿಂಗಳುಗಟ್ಟಲೆ ಹಾಕುವವರೂ ಇದ್ದಾರೆ. ಅವರಿಗೆ ತಾರೀಖು ಕೊಡುವವರೂ ಇಲ್ಲ.

ಬಿಳಿ ಹನಿಯನ್ನು ತಾವಾಗಿ ನಿಲ್ಲಿಸಬೇಡಿ ಎಂದರು ಡಾಕ್ಟರು. ದಿಢೀರೆಂದು ಬಿಟ್ಟರೆ ಊತ ಮರುಕಳಿಸುತ್ತದಂತೆ. ಅವರೇ ಸೌಮ್ಯವಾದದ್ದಕ್ಕೆ ಬದಲಿಸಿದರು, ಒತ್ತಡ ಇಳಿಸುವ ಹನಿ ಸೇರಿಸಿದರು. ಹೋದ ವಾರ 17 ಇತ್ತು. ಪೊರೆ ತೆಗೆದ ಮಕ್ಕಳಿಗೆ ಹನಿ ನಿಂತ ಮೇಲೂ ವರ್ಷಗಟ್ಟಲೆ ಒತ್ತಡ ನೋಡುತ್ತಿರಬೇಕಂತೆ. ಮುಂದಿನ ತಿಂಗಳ ತಾರೀಖಿಗೆ ಭಾವ ಈಗಲೇ ರಜಾ ಅರ್ಜಿ ಕೊಟ್ಟಿದ್ದಾರೆ.